ಪ್ರಿಂಟರ್ ಅರ್ಥವಿಲ್ಲದ ಅಕ್ಷರಗಳನ್ನು ಮುದ್ರಿಸಿದಾಗ

ಮನೆಯ ಗಣಕಯಂತ್ರಕ್ಕೆ ಜೋಡಿಸಿದ ಪ್ರಿಂಟರ್ ನಿನ್ನೆಯವರೆಗೂ ಸರಿಯಾಗಿ ಕೆಲಸ ಮಾಡಿ, ಇಂದು ಇದ್ದಕ್ಕಿದ್ದಂತೆ ಗುರುತು ಸಿಗದ ಅಕ್ಷರ, ಅಂಕಿ, ಚಿಹ್ನೆಗಳನ್ನು ಸಾಲುಸಾಲಾಗಿ ಮುದ್ರಿಸತೊಡಗುವುದುಂಟು. ಒಂದು ಪುಟದ ಅರ್ಜಿಯನ್ನು ಮುದ್ರಿಸಲು ಆಜ್ಞೆ ನೀಡಿದರೆ ಮೂವತ್ತು ಹಾಳೆಗಳು ಹೊರಬಿದ್ದು, ಪ್ರತಿಯೊಂದು ಹಾಳೆಯ ನೆತ್ತಿಯಲ್ಲಿ ಒಂದೆರಡು ವಿಚಿತ್ರ ಚಿಹ್ನೆಗಳು ಮಾತ್ರ ಕಾಣಿಸಿಕೊಳ್ಳಬಹುದು. ಪರೀಕ್ಷೆಯ ಪ್ರವೇಶಪತ್ರ, ಬ್ಯಾಂಕಿನ ನಮೂನೆ, ರೈಲ್ವೆ ಟಿಕೆಟ್ ಮುಂತಾದವುಗಳನ್ನು ಕೊನೆಯ ಗಳಿಗೆಯಲ್ಲಿ ಮುದ್ರಿಸಿಕೊಳ್ಳುವವರಿಗೆ ಇದರಿಂದಾಗುವ ತೊಂದರೆ ಅಲ್ಪವಲ್ಲ. ಯಂತ್ರವೇ ಕೆಟ್ಟಿತೆಂದು ಭಾವಿಸಿ ದುರಸ್ತಿಗೆ ಹಣ ತೆರುವವರೂ, ಹೊಸ ಪ್ರಿಂಟರನ್ನೇ ಕೊಳ್ಳುವವರೂ ಇದ್ದಾರೆ.

ಆದರೆ ಇಂತಹ ಅಸಂಬದ್ಧ ಮುದ್ರಣವು ಬಹುಮಟ್ಟಿಗೆ ಯಂತ್ರದ ದೋಷವಲ್ಲ. ಕಳುಹಿಸುವ ಗಣಕಯಂತ್ರವು ಒಂದು ಭಾಷೆಯಲ್ಲಿ ಹೇಳಿದ್ದನ್ನು ಸ್ವೀಕರಿಸುವ ಪ್ರಿಂಟರ್ ಇನ್ನೊಂದು ಭಾಷೆಯೆಂದು ತಿಳಿದು ಓದಿಕೊಂಡದ್ದರ ಫಲವೇ ಅದು. ತಪ್ಪು ಎಲ್ಲಿ ನಡೆದಿದೆ ಎಂಬ ಸುಳಿವು ಹೊರಬಂದ ಹಾಳೆಯಲ್ಲಿಯೇ ಇರುತ್ತದೆ. ಆದುದರಿಂದ ಆ ಹಾಳೆಯನ್ನು ಹರಿದೆಸೆಯದೆ ಇಟ್ಟುಕೊಂಡು, ಸರಳವಾದ ಕೆಲವು ಪರೀಕ್ಷೆಗಳನ್ನು ಕ್ರಮವಾಗಿ ನಡೆಸಿದರೆ ದೋಷದ ಮೂಲವನ್ನು ಮನೆಯಲ್ಲಿಯೇ ಕಂಡುಕೊಳ್ಳಬಹುದು.

ಮೊದಲು ಮಾಡಬೇಕಾದುದು

ಅರ್ಥವಿಲ್ಲದ ಹಾಳೆಗಳು ಒಂದರ ಹಿಂದೆ ಒಂದು ಬರತೊಡಗಿದರೆ ಮೊದಲು ತಟ್ಟೆಯಲ್ಲಿರುವ ಕಾಗದವನ್ನು ಹೊರತೆಗೆಯಬೇಕು. ಆಗ ಯಂತ್ರವು ತಾನಾಗಿಯೇ ನಿಲ್ಲುತ್ತದೆ. ಬಳಿಕ ಗಣಕಯಂತ್ರದಲ್ಲಿ ಮುದ್ರಣದ ಸರತಿಯನ್ನು ತೆರೆದು, ಅಲ್ಲಿರುವ ಎಲ್ಲ ಕೆಲಸಗಳನ್ನು ರದ್ದುಗೊಳಿಸಬೇಕು. ಅನಂತರ ಪ್ರಿಂಟರನ್ನು ಆರಿಸಿ, ಅದರ ವಿದ್ಯುತ್ ತಂತಿಯನ್ನು ಕಳಚಿ, ಒಂದು ನಿಮಿಷದ ತರುವಾಯ ಮತ್ತೆ ಜೋಡಿಸಬೇಕು. ಪ್ರಿಂಟರಿನೊಳಗಿನ ಸ್ಮೃತಿಯಲ್ಲಿ ಉಳಿದಿದ್ದ ಅರೆಬರೆ ಮಾಹಿತಿ ಇದರಿಂದ ಅಳಿದುಹೋಗುತ್ತದೆ.

ಕೆಲವೊಮ್ಮೆ ಸರತಿಯಲ್ಲಿರುವ ಕೆಲಸ ರದ್ದಾಗದೆ ಹಾಗೆಯೇ ಉಳಿಯುತ್ತದೆ. ವಿಂಡೋಸ್ ವ್ಯವಸ್ಥೆಯಲ್ಲಿ ಮುದ್ರಣದ ಕೆಲಸಗಳನ್ನು ಸಂಗ್ರಹಿಸಿಟ್ಟು ಒಂದೊಂದಾಗಿ ಕಳುಹಿಸುವ ಸೇವೆಗೆ ಪ್ರಿಂಟ್ ಸ್ಪೂಲರ್ ಎಂದು ಹೆಸರು. ‘ಸರ್ವೀಸಸ್’ ಎಂಬ ಪಟ್ಟಿಯಲ್ಲಿ ಈ ಸೇವೆಯನ್ನು ಒಮ್ಮೆ ನಿಲ್ಲಿಸಿ ಪುನಃ ಆರಂಭಿಸಿದರೆ ಅಥವಾ ಗಣಕಯಂತ್ರವನ್ನೇ ಮರುಚಾಲನೆಗೊಳಿಸಿದರೆ ಸಿಕ್ಕಿಕೊಂಡ ಕೆಲಸವನ್ನು ಸಾಮಾನ್ಯವಾಗಿ ತೆಗೆದುಹಾಕಲು ಸಾಧ್ಯವಾಗುತ್ತದೆ.

ಹೆಚ್ಚಿನ ಸಂದರ್ಭಗಳಲ್ಲಿ ಇಷ್ಟರಿಂದಲೇ ತೊಂದರೆ ಬಗೆಹರಿಯುತ್ತದೆ. ಇದಕ್ಕೆ ಕಾರಣವಿದೆ. ಮುದ್ರಣದ ಪ್ರತಿಯೊಂದು ಕೆಲಸದ ಆರಂಭದಲ್ಲಿಯೂ ‘ಮುಂದೆ ಬರುವುದು ಇಂತಹ ಭಾಷೆಯಲ್ಲಿದೆ, ಅದನ್ನು ಚಿತ್ರವೆಂದು ತಿಳಿ’ ಎಂಬ ಅರ್ಥದ ಆಜ್ಞೆಗಳಿರುತ್ತವೆ. ನಡುವೆ ಕೆಲಸವನ್ನು ರದ್ದುಗೊಳಿಸಿದರೆ, ವಿದ್ಯುತ್ ಹೋಗಿ ಬಂದರೆ ಅಥವಾ ಕೇಬಲ್ ಅಲುಗಿದರೆ ಈ ಆರಂಭದ ಆಜ್ಞೆಗಳು ಕಳೆದುಹೋಗಿ ಉಳಿದ ಭಾಗವಷ್ಟೇ ಪ್ರಿಂಟರನ್ನು ತಲುಪುತ್ತದೆ. ತಲೆಯಿಲ್ಲದ ಆ ಮಾಹಿತಿಯನ್ನು ಯಂತ್ರವು ಸಾದಾ ಅಕ್ಷರಗಳೆಂದೇ ಭಾವಿಸಿ ಮುದ್ರಿಸುತ್ತದೆ. ಆ ಮಾಹಿತಿಯ ನಡುವೆ ‘ಹೊಸ ಪುಟ’ ಎಂಬ ಅರ್ಥ ಕೊಡುವ ಸಂಖ್ಯೆಯು ಬಂದಾಗಲೆಲ್ಲ ಹಾಳೆಯು ಹೊರಬೀಳುತ್ತದೆ. ಒಂದು ಹಾಳೆಗೆ ಒಂದೆರಡೇ ಚಿಹ್ನೆಗಳು ಇರುವುದರ ಗುಟ್ಟು ಇದೇ.

ಅಕ್ಷರವು ಸಂಖ್ಯೆಯಾಗುವ ಬಗೆ

ಗಣಕಯಂತ್ರಕ್ಕೆ ಅಕ್ಷರದ ಪರಿಚಯವಿಲ್ಲ. ಸಂಖ್ಯೆಯ ಪರಿಚಯ ಮಾತ್ರ ಉಂಟು. 1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಎಂಬ ಸಂಕೇತ ಪದ್ಧತಿಯು ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಿಗೆ 0ಯಿಂದ 127ರವರೆಗಿನ 128 ಸಂಖ್ಯೆಗಳನ್ನು ಹಂಚಿಕೊಟ್ಟಿತು. ಅದರಂತೆ ದೊಡ್ಡಕ್ಷರದ ‘ಎ’ಗೆ 65, ‘ಬಿ’ಗೆ 66, ‘ಸಿ’ಗೆ 67 ಎಂದು ನಿಗದಿಯಾಗಿದೆ. ಗಣಕಯಂತ್ರವು 65 ಎಂಬ ಸಂಖ್ಯೆಯನ್ನು ಕಳುಹಿಸಿದರೆ ಪ್ರಿಂಟರ್ ‘ಎ’ ಅಕ್ಷರವನ್ನು ಮುದ್ರಿಸುತ್ತದೆ. ದಾರಿಯಲ್ಲಿ ಸಂಖ್ಯೆಯು ಬದಲಾದರೆ ಅಥವಾ ಎರಡೂ ಕಡೆಯ ಕೋಷ್ಟಕಗಳು ಬೇರೆಬೇರೆಯಾಗಿದ್ದರೆ ಅಕ್ಷರವೂ ಬದಲಾಗುತ್ತದೆ.

ಇಂದಿನ ಪ್ರಿಂಟರುಗಳು ಬರಿಯ ಅಕ್ಷರಗಳನ್ನಷ್ಟೇ ಸ್ವೀಕರಿಸುವುದಿಲ್ಲ. ಇಡೀ ಪುಟವನ್ನು ವರ್ಣಿಸುವ ಭಾಷೆಗಳು ಬಳಕೆಯಲ್ಲಿವೆ. ಎಪ್ಸನ್ ಸಂಸ್ಥೆಯ ಡಾಟ್ ಮ್ಯಾಟ್ರಿಕ್ಸ್ ಯಂತ್ರಗಳೊಡನೆ ಪ್ರಚಾರಕ್ಕೆ ಬಂದ ಇಎಸ್‌ಸಿ/ಪಿ, ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯ ಪಿಸಿಎಲ್, ಅಡೋಬಿ ಸಂಸ್ಥೆಯು 1984ರಲ್ಲಿ ಹೊರತಂದ ಪೋಸ್ಟ್‌ಸ್ಕ್ರಿಪ್ಟ್ ಇವು ಮುಖ್ಯವಾದವು. ಇವುಗಳಲ್ಲದೆ ಕಡಿಮೆ ಬೆಲೆಯ ಅನೇಕ ಯಂತ್ರಗಳು ತಮ್ಮದೇ ಆದ ಖಾಸಗಿ ಭಾಷೆಯನ್ನು ಮಾತ್ರ ಅರಿತಿರುತ್ತವೆ. ಭಾರತದ ಕಚೇರಿಗಳಲ್ಲಿಯೂ ಝೆರಾಕ್ಸ್ ಅಂಗಡಿಗಳಲ್ಲಿಯೂ ಬಹುಕಾಲದಿಂದ ಪರಿಚಿತವಾಗಿರುವ ಕ್ಯಾನನ್ ಎಲ್‌ಬಿಪಿ 2900 ಯಂತ್ರವು ಬಳಸುವ ಕ್ಯಾಪ್ಟ್ ಇದಕ್ಕೆ ಒಂದು ಉದಾಹರಣೆ. ಗಣಕಯಂತ್ರದಲ್ಲಿರುವ ಪುಟವನ್ನು ಪ್ರಿಂಟರಿನ ಭಾಷೆಗೆ ತರ್ಜುಮೆ ಮಾಡುವ ದುಭಾಷಿಯೇ ಡ್ರೈವರ್ ಎಂದು ಕರೆಯಲಾಗುವ ಚಾಲಕ ತಂತ್ರಾಂಶ.

ಮಸುಕು ಬೇರೆ, ಅಸಂಬದ್ಧತೆ ಬೇರೆ

ಅಕ್ಷರಗಳು ಸರಿಯಾಗಿದ್ದು ಮುದ್ರಣ ಮಾತ್ರ ಮಸುಕಾಗಿದ್ದರೆ, ಬಿಳಿ ಗೆರೆಗಳು ಮೂಡಿದ್ದರೆ ಅಥವಾ ಅಂಚುಗಳು ಎರಡೆರಡಾಗಿ ಕಂಡರೆ ಅದು ಭಾಷೆಯ ತೊಡಕಲ್ಲ. ಇಂಕ್‌ಜೆಟ್ ಯಂತ್ರಗಳಲ್ಲಿ ಶಾಯಿಯ ಸೂಕ್ಷ್ಮ ರಂಧ್ರಗಳು ಕಟ್ಟಿಕೊಂಡಿರುವುದು ಅಥವಾ ಮುದ್ರಣ ಶಿರವು ಸ್ವಲ್ಪ ಸರಿದಿರುವುದು, ಲೇಸರ್ ಯಂತ್ರಗಳಲ್ಲಿ ಟೋನರ್ ಪುಡಿ ತೀರುತ್ತ ಬಂದಿರುವುದು, ಡಾಟ್ ಮ್ಯಾಟ್ರಿಕ್ಸ್ ಯಂತ್ರಗಳಲ್ಲಿ ರಿಬ್ಬನ್ ಸವೆದಿರುವುದು ಇಲ್ಲವೆ ಸೂಜಿ ಮುರಿದಿರುವುದು ಇದಕ್ಕೆ ಕಾರಣ. ಶುಚಿಗೊಳಿಸುವಿಕೆ ಹಾಗೂ ಬಿಡಿಭಾಗಗಳ ಬದಲಾವಣೆ ಇದಕ್ಕೆ ಪರಿಹಾರ. ಬರೆದದ್ದೊಂದು, ಅಚ್ಚಾದದ್ದು ಇನ್ನೊಂದು ಎಂಬಂತಿದ್ದರೆ ಮಾತ್ರ ಮುಂದಿನ ಪರೀಕ್ಷೆಗಳನ್ನು ಕೈಗೊಳ್ಳಬೇಕು.

ನಾಲ್ಕು ಪರೀಕ್ಷೆಗಳು

ಮೊದಲನೆಯದು ಪ್ರಿಂಟರಿನ ಸ್ವಯಂಪರೀಕ್ಷೆ. ಗಣಕಯಂತ್ರಕ್ಕೆ ಜೋಡಿಸಿದ ಕೇಬಲನ್ನು ಕಳಚಿಟ್ಟು, ಯಂತ್ರವು ತಾನಾಗಿಯೇ ಒಂದು ಮಾದರಿ ಪುಟವನ್ನು ಮುದ್ರಿಸುವಂತೆ ಮಾಡುವುದೇ ಈ ಪರೀಕ್ಷೆ. ಡಾಟ್ ಮ್ಯಾಟ್ರಿಕ್ಸ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಲೈನ್ ಫೀಡ್ ಗುಂಡಿಯನ್ನು ಒತ್ತಿಹಿಡಿದು ಸ್ವಿಚ್ ಹಾಕಬೇಕು. ಇತರ ಯಂತ್ರಗಳ ವಿಧಾನವು ಅವುಗಳೊಡನೆ ಬಂದ ಕೈಪಿಡಿಯಲ್ಲಿರುತ್ತದೆ. ಈ ಪುಟವೂ ಅಸಂಬದ್ಧವಾಗಿದ್ದರೆ ದೋಷವು ಯಂತ್ರದ ಒಳಗಿದೆಯೆಂದು ತಿಳಿದು ಅಧಿಕೃತ ದುರಸ್ತಿ ಕೇಂದ್ರಕ್ಕೆ ಒಯ್ಯಬೇಕು. ಪುಟವು ಸ್ವಚ್ಛವಾಗಿ ಬಂದರೆ ಯಂತ್ರವು ನಿರ್ದೋಷಿ ಎಂದು ಬಹುಮಟ್ಟಿಗೆ ಹೇಳಬಹುದು.

ಎರಡನೆಯದು ಗಣಕಯಂತ್ರದ ಮೂಲಕ ಕಳುಹಿಸುವ ಪರೀಕ್ಷಾಪುಟ. ವಿಂಡೋಸ್‌ನಲ್ಲಿ ಪ್ರಿಂಟರಿನ ಗುಣಲಕ್ಷಣಗಳ ಪಟ್ಟಿಯಲ್ಲಿ ‘ಪ್ರಿಂಟ್ ಟೆಸ್ಟ್ ಪೇಜ್’ ಎಂಬ ಗುಂಡಿಯುಂಟು. ಸ್ವಯಂಪರೀಕ್ಷೆ ಸರಿಯಾಗಿದ್ದು ಈ ಪುಟವು ಕೆಟ್ಟಿದ್ದರೆ ದೋಷವು ಕೇಬಲಿನಲ್ಲಿ ಅಥವಾ ಡ್ರೈವರಿನಲ್ಲಿದೆ.

ಮೂರನೆಯದಾಗಿ ನೋಟ್‌ಪ್ಯಾಡಿನಲ್ಲಿ ಎರಡು ಸಾಲು ಇಂಗ್ಲಿಷ್, ಎರಡು ಸಾಲು ಕನ್ನಡ ಬರೆದು ಮುದ್ರಿಸಬೇಕು. ಇಂಗ್ಲಿಷ್ ಸರಿಯಾಗಿದ್ದು ಕನ್ನಡ ಮಾತ್ರ ಕೆಟ್ಟರೆ ತೊಡಕು ಅಕ್ಷರರೂಪಕ್ಕೆ, ಅಂದರೆ ಫಾಂಟಿಗೆ, ಸಂಬಂಧಿಸಿದ್ದು. ನಾಲ್ಕನೆಯದಾಗಿ ತೊಂದರೆ ಕೊಟ್ಟ ಕಡತವನ್ನೇ ಮತ್ತೆ ಮುದ್ರಿಸಿ ನೋಡಬೇಕು. ಉಳಿದ ಮೂರೂ ಸರಿಯಾಗಿದ್ದು ಇದೊಂದೇ ಕೆಟ್ಟರೆ ದೋಷವು ಆ ಕಡತದಲ್ಲಿದೆ. ಹೀಗೆ ಪ್ರತಿಯೊಂದು ಪರೀಕ್ಷೆಯೂ ಸರಪಳಿಯ ಒಂದೊಂದು ಕೊಂಡಿಯನ್ನು ಸೇರಿಸುತ್ತ ಹೋಗುವುದರಿಂದ, ಎಲ್ಲಿ ಮೊದಲ ಬಾರಿಗೆ ಮುದ್ರಣ ಕೆಟ್ಟಿತೋ ಆ ಕೊಂಡಿಯೇ ದೋಷದ ನೆಲೆ.

ಕೇಬಲಿನ ದೋಷ

ಸೆಂಟ್ರಾನಿಕ್ಸ್ ಸಂಸ್ಥೆಯು 1970ರಲ್ಲಿ ಪರಿಚಯಿಸಿದ ಪ್ಯಾರಲಲ್ ಜೋಡಣೆಯಲ್ಲಿ ಒಂದು ಅಕ್ಷರದ ಎಂಟು ದ್ವಿಮಾನ ಅಂಕಿಗಳು ಎಂಟು ಬೇರೆಬೇರೆ ತಂತಿಗಳಲ್ಲಿ ಏಕಕಾಲಕ್ಕೆ ಸಾಗುತ್ತವೆ. ಬಿಲ್ ಹಾಗೂ ಬಹುಪ್ರತಿ ರಸೀದಿಗಳಿಗಾಗಿ ಉಳಿದುಬಂದಿರುವ ಡಾಟ್ ಮ್ಯಾಟ್ರಿಕ್ಸ್ ಯಂತ್ರಗಳಲ್ಲಿ ಈ ಜೋಡಣೆಯನ್ನು ಈಗಲೂ ಕಾಣಬಹುದು. ಇವುಗಳ ಪೈಕಿ 2 ಎಂಬ ಬೆಲೆಯನ್ನು ಹೊರುವ ತಂತಿಯಲ್ಲಿ ದೋಷವುಂಟಾಗಿ, ಆ ತಂತಿಯು ಸದಾ ‘ಇದೆ’ ಎಂದೇ ಹೇಳುತ್ತಿದೆ ಎಂದಿಟ್ಟುಕೊಳ್ಳೋಣ. ಆಗ 65 ಹೋಗಿ 67 ಆಗುತ್ತದೆ. ‘ಎ’ ಅಕ್ಷರವು ‘ಸಿ’ ಎಂದು ಅಚ್ಚಾಗುತ್ತದೆ. ‘ಡಿ’ ಇದ್ದದ್ದು ‘ಎಫ್’ ಆಗುತ್ತದೆ, ‘ಇ’ ಇದ್ದದ್ದು ‘ಜಿ’ ಆಗುತ್ತದೆ. ಆದರೆ ‘ಬಿ’ ಮತ್ತು ‘ಸಿ’ಗಳ ಸಂಖ್ಯೆಯಲ್ಲಿ 2 ಮೊದಲೇ ಸೇರಿರುವುದರಿಂದ ಅವು ಬದಲಾಗುವುದಿಲ್ಲ. ಹೀಗೆ ಕೆಲವು ಅಕ್ಷರಗಳು ಯಾವಾಗಲೂ ಒಂದೇ ರೀತಿಯಲ್ಲಿ ತಪ್ಪಾಗಿ, ಉಳಿದವು ಸರಿಯಾಗಿದ್ದರೆ ಪ್ಯಾರಲಲ್ ಕೇಬಲ್ ಅಥವಾ ಅದರ ಸೂಜಿಗಳನ್ನು ಪರೀಕ್ಷಿಸಬೇಕು. ಎರಡೂ ಯಂತ್ರಗಳನ್ನು ಆರಿಸಿದ ಮೇಲೆಯೇ ಈ ಕೇಬಲನ್ನು ಕಳಚುವುದು ಕ್ಷೇಮ.

1996ರಲ್ಲಿ ಬಂದ ಯುಎಸ್‌ಬಿ ಪದ್ಧತಿಯ ರೀತಿ ಬೇರೆ. ಇದರಲ್ಲಿ ಮಾಹಿತಿಯ ಪ್ರತಿಯೊಂದು ಕಂತಿನೊಡನೆ ತಾಳೆ ನೋಡುವ ಸಂಖ್ಯೆಯೂ ಹೋಗುತ್ತದೆ; ತಾಳೆಯಾಗದಿದ್ದರೆ ಆ ಕಂತನ್ನು ಮತ್ತೆ ಕಳುಹಿಸಲಾಗುತ್ತದೆ. ಆದುದರಿಂದ ಯುಎಸ್‌ಬಿ ಕೇಬಲ್ ಕೆಟ್ಟಾಗ ಅಕ್ಷರಗಳು ಒಂದೊಂದಾಗಿ ಬದಲಾಗುವುದಿಲ್ಲ. ಬದಲಾಗಿ ಸಂಪರ್ಕವೇ ನಡುವೆ ಕಡಿದುಹೋಗಿ, ಮೇಲೆ ಹೇಳಿದಂತೆ ತಲೆಯಿಲ್ಲದ ಮಾಹಿತಿಯು ಉಳಿಯುತ್ತದೆ. ಯುಎಸ್‌ಬಿ 2.0 ಕೇಬಲಿನ ಉದ್ದವು 5 ಮೀಟರು ಮೀರಬಾರದು. ಅನೇಕ ಸಾಧನಗಳನ್ನು ಜೋಡಿಸಿದ ಹಬ್ ಮೂಲಕ ಪ್ರಿಂಟರನ್ನು ಸೇರಿಸಿದ್ದರೆ, ಅದನ್ನು ತಪ್ಪಿಸಿ ಗಣಕಯಂತ್ರಕ್ಕೆ ನೇರವಾಗಿ ಜೋಡಿಸಿ ನೋಡಬೇಕು.

ಡ್ರೈವರಿನ ದೋಷ

ಗಣಕಯಂತ್ರದ ವ್ಯವಸ್ಥೆಯನ್ನು ನವೀಕರಿಸಿದ ಮರುದಿನ ಅಥವಾ ಹೊಸ ಪ್ರಿಂಟರನ್ನು ಹಳೆಯದರ ಜಾಗದಲ್ಲಿಟ್ಟ ತರುವಾಯ ತೊಂದರೆ ಆರಂಭವಾದರೆ ಡ್ರೈವರನ್ನು ಶಂಕಿಸಬೇಕು. ಇಲ್ಲಿಯೂ ಹಾಳೆಯ ಮೊದಲ ಸಾಲು ಸುಳಿವು ನೀಡುತ್ತದೆ. ಶೇಕಡಾ ಚಿಹ್ನೆ, ಉದ್ಗಾರ ಚಿಹ್ನೆ, ಅವುಗಳ ಬೆನ್ನಿಗೆ ‘ಪಿಎಸ್’ ಎಂಬ ಇಂಗ್ಲಿಷ್ ಅಕ್ಷರಗಳು ಮೂಡಿದ್ದರೆ, ಪೋಸ್ಟ್‌ಸ್ಕ್ರಿಪ್ಟ್ ಅರಿಯದ ಯಂತ್ರಕ್ಕೆ ಪೋಸ್ಟ್‌ಸ್ಕ್ರಿಪ್ಟ್ ಡ್ರೈವರ್ ಬಳಸಲಾಗಿದೆ ಎಂದರ್ಥ. ‘ಪಿಜೆಎಲ್’ ಎಂಬ ಅಕ್ಷರಗಳಿರುವ ಸಾಲುಗಳು ಕಂಡರೆ ಯಂತ್ರಕ್ಕೆ ನೀಡಿದ ಆಜ್ಞೆಗಳೇ ಪಠ್ಯವಾಗಿ ಅಚ್ಚಾಗಿವೆ. ‘ಪಿಸಿಎಲ್ ಎಕ್ಸ್‌ಎಲ್ ಎರರ್’ ಎಂಬ ಒಕ್ಕಣೆಯಿದ್ದರೆ ಪ್ರಿಂಟರಿಗೆ ಭಾಷೆ ತಿಳಿದಿದೆ, ಆದರೆ ಬಂದ ಮಾಹಿತಿಯ ಒಂದು ಭಾಗ ಅರ್ಥವಾಗಿಲ್ಲ. ಆಗ ಅದೇ ಯಂತ್ರಕ್ಕೆ ದೊರೆಯುವ ಪಿಸಿಎಲ್ 5 ಅಥವಾ ಪೋಸ್ಟ್‌ಸ್ಕ್ರಿಪ್ಟ್ ಡ್ರೈವರನ್ನು ಪ್ರಯೋಗಿಸಬಹುದು.

ಪರಿಹಾರವೆಂದರೆ ಈಗಿರುವ ಡ್ರೈವರನ್ನು ಪೂರ್ಣವಾಗಿ ತೆಗೆದುಹಾಕಿ, ಪ್ರಿಂಟರಿನ ಮೈಮೇಲೆ ಬರೆದಿರುವ ಮಾದರಿ ಸಂಖ್ಯೆಯನ್ನು ಅಕ್ಷರಶಃ ಹೋಲಿಸಿ ನೋಡಿ, ತಯಾರಕರ ಅಧಿಕೃತ ಜಾಲತಾಣದಿಂದ ಪಡೆದ ಡ್ರೈವರನ್ನು ಸ್ಥಾಪಿಸುವುದು. ಹೆಸರಿನಲ್ಲಿ ಒಂದಕ್ಷರ ಬೇರೆಯಾದರೂ ಭಾಷೆ ಬೇರೆಯಾಗಿರಬಹುದು ಎಂಬುದನ್ನು ಮರೆಯಬಾರದು.

ಒಂದೇ ಕಡತ ಕೆಟ್ಟಾಗ

ಪಿಡಿಎಫ್ ಕಡತವು ಪರದೆಯ ಮೇಲೆ ಚೆನ್ನಾಗಿ ಕಂಡು, ಕಾಗದದ ಮೇಲೆ ಕೆಡುವುದುಂಟು. ಅಡೋಬಿ ರೀಡರಿನಲ್ಲಿ ಮುದ್ರಣದ ‘ಅಡ್ವಾನ್ಸ್ಡ್’ ಆಯ್ಕೆಯೊಳಗೆ ‘ಪ್ರಿಂಟ್ ಆ್ಯಸ್ ಇಮೇಜ್’ ಎಂಬುದನ್ನು ಗುರುತು ಮಾಡಿದರೆ, ಪುಟವು ಅಕ್ಷರಗಳ ಬದಲು ಚಿತ್ರವಾಗಿ ಹೋಗುವುದರಿಂದ ಸರಿಯಾಗಿ ಅಚ್ಚಾಗುತ್ತದೆ. ಮುದ್ರಣ ತುಸು ನಿಧಾನವಾದರೂ ತುರ್ತು ಸಂದರ್ಭಕ್ಕೆ ಇದು ಸುಲಭೋಪಾಯ.

ಯಾರೂ ಆಜ್ಞೆ ನೀಡದಿದ್ದಾಗಲೂ ಹಾಳೆಗಳು ಬರತೊಡಗಿದರೆ ಹೆಚ್ಚಿನ ಎಚ್ಚರ ಅಗತ್ಯ. 2012ರ ಜೂನ್ ತಿಂಗಳಲ್ಲಿ ಮಿಲಿಸೆನ್ಸೊ ಎಂಬ ಕುತಂತ್ರಾಂಶವು ಅಮೆರಿಕ, ಭಾರತ ಮೊದಲಾದ ದೇಶಗಳಲ್ಲಿ ಹರಡಿ, ಸ್ಪೂಲರಿನ ಕಡತಕೋಶದಲ್ಲಿ ತನ್ನ ಕಡತಗಳನ್ನು ಇರಿಸಿದ್ದರಿಂದ ಪ್ರಿಂಟರುಗಳು ಕಾಗದ ಮುಗಿಯುವವರೆಗೆ ಅರ್ಥಹೀನ ಚಿಹ್ನೆಗಳನ್ನು ಮುದ್ರಿಸಿದವು. ಇಂತಹ ಶಂಕೆಯಿದ್ದರೆ ವೈರಸ್ ನಿವಾರಕ ತಂತ್ರಾಂಶದಿಂದ ತಪಾಸಣೆ ನಡೆಸಬೇಕು. ಕೇಂದ್ರ ಸರ್ಕಾರವು 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವು ಕುತಂತ್ರಾಂಶಗಳನ್ನು ನಿವಾರಿಸುವ ಸಾಧನಗಳನ್ನು ಉಚಿತವಾಗಿ ಒದಗಿಸುತ್ತದೆ.

ಕನ್ನಡದ ವಿಶೇಷ ತೊಡಕು

ಕರ್ನಾಟಕದ ಹೊರಗೆ ನೆಲೆಸಿರುವ ಕನ್ನಡಿಗರಿಗೆ ಈ ವಿಷಯವು ಹೆಚ್ಚು ಮುಖ್ಯ. ಊರಿನಿಂದ ಬಂದ ಜಮೀನಿನ ಪತ್ರದ ಕರಡು, ಮದುವೆಯ ಆಮಂತ್ರಣ, ಕನ್ನಡ ಸಂಘದ ಸ್ಮರಣ ಸಂಚಿಕೆಯ ಲೇಖನ ಇವು ಮುಂಬಯಿಯ ಅಥವಾ ದೆಹಲಿಯ ಮನೆಯ ಗಣಕಯಂತ್ರದಲ್ಲಿ ತೆರೆದಾಗ ವಿಚಿತ್ರ ರೋಮನ್ ಅಕ್ಷರಗಳಾಗಿ ಕಾಣುವುದುಂಟು. ಪ್ರಿಂಟರನ್ನು ಎಷ್ಟು ರಿಪೇರಿ ಮಾಡಿಸಿದರೂ ಇದು ಸರಿಹೋಗುವುದಿಲ್ಲ; ಏಕೆಂದರೆ ದೋಷವು ಪ್ರಿಂಟರಿನದಲ್ಲ.

ಭಾರತೀಯ ಲಿಪಿಗಳಿಗಾಗಿ ಭಾರತೀಯ ಮಾನಕ ಸಂಸ್ಥೆಯು 1991ರಲ್ಲಿ ಇಸ್ಕಿ ಎಂಬ ಸಂಕೇತ ಪದ್ಧತಿಯನ್ನು ಮಾನಕವಾಗಿ ಪ್ರಕಟಿಸಿತು. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ತಂತ್ರಜ್ಞಾನವು ಈ ಸಂಕೇತಗಳನ್ನು ಬಳಸಿ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳನ್ನು ಗಣಕಯಂತ್ರಕ್ಕೆ ತಂದಿತು. ಆದರೆ ಅನಂತರ ಜನಪ್ರಿಯವಾದ ಅನೇಕ ಕನ್ನಡ ಫಾಂಟುಗಳು ಬೇರೊಂದು ದಾರಿ ಹಿಡಿದವು. ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಸ್ಥಾನದಲ್ಲಿ ಕನ್ನಡದ ಅಕ್ಷರಭಾಗಗಳ ಆಕಾರಗಳನ್ನು ಕೂರಿಸಲಾಯಿತು. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ‘ಕನ್ನಡ’ ಎಂದು ಬರೆದು, ಆ ಫಾಂಟ್ ಇಲ್ಲದ ಗಣಕಯಂತ್ರದಲ್ಲಿ ತೆರೆದರೆ ದೊಡ್ಡಕ್ಷರದ ‘ಪಿ’ಯಿಂದ ಆರಂಭವಾಗಿ, ನೆತ್ತಿಯ ಮೇಲೆ ಓರೆಗೆರೆಯಿರುವ ‘ಎ’, ಪೌಂಡ್ ನಾಣ್ಯದ ಚಿಹ್ನೆ ಮುಂತಾದವು ಕಾಣಿಸಿಕೊಳ್ಳುತ್ತವೆ. ಗಣಕಯಂತ್ರದ ಪಾಲಿಗೆ ಅಲ್ಲಿ ಕನ್ನಡವೇ ಇಲ್ಲ. ಫಾಂಟೆಂಬ ವೇಷವನ್ನು ಕಳಚಿದೊಡನೆ ರೋಮನ್ ಸಂಕೇತಗಳು ಬಯಲಾಗುತ್ತವೆ.

1991ರ ಅಕ್ಟೋಬರಿನಲ್ಲಿ ಮೊದಲ ಆವೃತ್ತಿ ಕಂಡ ಯೂನಿಕೋಡ್ ಪದ್ಧತಿಯು ಕನ್ನಡಕ್ಕಾಗಿಯೇ 128 ಸ್ಥಾನಗಳನ್ನು ಮೀಸಲಿರಿಸಿದೆ. ಅದರಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಜಗತ್ತಿನ ಯಾವ ಗಣಕಯಂತ್ರದಲ್ಲಿಯೂ ಈ ಸಂಖ್ಯೆಗೆ ಬೇರೆ ಅರ್ಥವಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟಿನ ಮೂಲಕ ಯೂನಿಕೋಡ್ ಕನ್ನಡವು ದೊರೆಯಿತು.

ಹಾಳೆಯ ಮೇಲಿನ ಲಕ್ಷಣದಿಂದ ಕನ್ನಡದ ತೊಡಕನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ರೋಮನ್ ಚಿಹ್ನೆಗಳು ಕಂಡರೆ ಕಡತವು ಹಳೆಯ ಪದ್ಧತಿಯದು. ಆ ಫಾಂಟನ್ನು ಸ್ಥಾಪಿಸಬೇಕು ಅಥವಾ ಪರಿವರ್ತಕ ತಂತ್ರಾಂಶದಿಂದ ಕಡತವನ್ನು ಯೂನಿಕೋಡಿಗೆ ಬದಲಿಸಬೇಕು. ಖಾಲಿ ಚೌಕಗಳು ಕಂಡರೆ ಸಂಕೇತ ಸರಿಯಿದ್ದು ಅದಕ್ಕೆ ತಕ್ಕ ಕನ್ನಡ ಫಾಂಟ್ ಇಲ್ಲ. ಯಾವುದಾದರೊಂದು ಯೂನಿಕೋಡ್ ಕನ್ನಡ ಫಾಂಟನ್ನು ಆಯ್ದುಕೊಂಡರೆ ಸಾಕು. ಒತ್ತಕ್ಷರಗಳು ಬಿಡಿಬಿಡಿಯಾಗಿ, ಗುಣಿತದ ಚಿಹ್ನೆಗಳು ಸ್ಥಾನ ತಪ್ಪಿ ಅಚ್ಚಾದರೆ ಅಕ್ಷರಗಳನ್ನು ಕೂಡಿಸುವ ಕೆಲಸವು ಆ ತಂತ್ರಾಂಶದಲ್ಲಿ ಸರಿಯಾಗಿ ನಡೆದಿಲ್ಲ. ತಂತ್ರಾಂಶದ ಹೊಸ ಆವೃತ್ತಿಯನ್ನು ಬಳಸಬೇಕು. ಪರದೆಯ ಮೇಲೆ ಕನ್ನಡ ಸರಿಯಾಗಿದ್ದು ಕಾಗದದ ಮೇಲೆ ಮಾತ್ರ ಕೆಟ್ಟರೆ, ಕೆಲವು ಡ್ರೈವರುಗಳಲ್ಲಿರುವ ‘ಟ್ರೂಟೈಪ್ ಅಕ್ಷರಗಳನ್ನು ಗ್ರಾಫಿಕ್ಸ್ ಆಗಿ ಮುದ್ರಿಸು’ ಎಂಬ ಅರ್ಥದ ಆಯ್ಕೆಯು ನೆರವಾಗುತ್ತದೆ.

ಕನ್ನಡ ಕಡತವನ್ನು ನೆರೆಯ ಅಂಗಡಿಯಲ್ಲಿ ಮುದ್ರಿಸಬೇಕಾದಾಗ ಅದನ್ನು ಮನೆಯಲ್ಲಿಯೇ ಪಿಡಿಎಫ್ ಆಗಿ ಉಳಿಸಿ ಒಯ್ಯುವುದು ಲೇಸು. ಆ ಕಡತದ ಗುಣಲಕ್ಷಣಗಳ ಪಟ್ಟಿಯಲ್ಲಿ ಫಾಂಟಿನ ಹೆಸರಿನ ಮುಂದೆ ‘ಎಂಬೆಡೆಡ್’ ಎಂದಿದ್ದರೆ ಅಕ್ಷರರೂಪಗಳು ಕಡತದೊಳಗೇ ಅಡಕವಾಗಿವೆ ಎಂದು ತಿಳಿಯಬಹುದು. ಅಂಗಡಿಯಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೂ ಅದರಿಂದ ಬಾಧಕವಿಲ್ಲ.

ಕೆಲವು ಎಚ್ಚರಿಕೆಗಳು

ಪ್ರಿಂಟರ್ ಕೆಟ್ಟಾಗ ಅಂತರಜಾಲದಲ್ಲಿ ಸಹಾಯವಾಣಿಯ ಸಂಖ್ಯೆಯನ್ನು ಹುಡುಕುವವರನ್ನು ವಂಚಿಸುವ ಜಾಲಗಳಿವೆ. ತಯಾರಕರ ಹೆಸರಿನಲ್ಲಿ ಮಾತನಾಡಿ, ಗಣಕಯಂತ್ರವನ್ನು ದೂರದಿಂದ ನಿಯಂತ್ರಿಸುವ ತಂತ್ರಾಂಶವನ್ನು ಹಾಕಿಸಿ, ಬ್ಯಾಂಕಿನ ಖಾತೆಗೆ ಕೈಹಾಕುವುದು ಇವುಗಳ ರೀತಿ. ಕೈಪಿಡಿಯಲ್ಲಿ ಅಥವಾ ಯಂತ್ರದ ಪೆಟ್ಟಿಗೆಯ ಮೇಲೆ ಮುದ್ರಿತವಾಗಿರುವ ಸಂಖ್ಯೆಯನ್ನು ಮಾತ್ರ ನಂಬಬೇಕು. ಹಣ ಕಳೆದುಕೊಂಡವರು ತಡಮಾಡದೆ 1930 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಗೆ ದೂರು ನೀಡಬೇಕು. ಖಾತರಿ ಅವಧಿಯೊಳಗಿನ ಯಂತ್ರದ ದುರಸ್ತಿಯನ್ನು ನಿರಾಕರಿಸಿದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯನ್ನು ಸಂಪರ್ಕಿಸಬಹುದು.

ದುರಸ್ತಿಗೆ ಬಾರದ ಪ್ರಿಂಟರನ್ನೂ ಬರಿದಾದ ಕಾರ್ಟ್ರಿಜ್‌ಗಳನ್ನೂ ಮನೆಯ ಕಸದೊಡನೆ ಸೇರಿಸಬಾರದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ವ್ಯಾಪ್ತಿಗೆ ಅವು ಸೇರಿವೆ. ಚೆನ್ನಾಗಿರುವ ಯಂತ್ರವನ್ನು ತಪ್ಪು ತಿಳಿವಳಿಕೆಯಿಂದ ಎಸೆಯದಿರುವುದು ಇದಕ್ಕಿಂತಲೂ ಉತ್ತಮ.

ಕಾಗದವನ್ನು ತೆಗೆಯುವುದು, ಸರತಿಯನ್ನು ಬರಿದುಮಾಡುವುದು, ಸ್ವಯಂಪರೀಕ್ಷೆ, ಕೇಬಲ್, ಡ್ರೈವರ್, ಫಾಂಟ್, ಕೊನೆಗೆ ಕಡತ ಎಂಬ ಈ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದು ಪ್ರಿಂಟರಿನ ಬಳಿ ಅಂಟಿಸಿಟ್ಟರೆ ಮನೆಯ ಯಾರು ಬೇಕಾದರೂ ಅದನ್ನು ಅನುಸರಿಸಬಹುದು. ಇದರ ಜೊತೆಗೆ, ಮನೆಯಲ್ಲಿರುವ ಹಳೆಯ ಕನ್ನಡ ಕಡತಗಳನ್ನು ಅವುಗಳ ಫಾಂಟುಗಳು ಇನ್ನೂ ಕೈಗೆ ಸಿಗುತ್ತಿರುವಾಗಲೇ ಯೂನಿಕೋಡಿಗೆ ಬದಲಿಸಿಟ್ಟುಕೊಳ್ಳುವುದು ಅವಶ್ಯ. ಕೆಟ್ಟ ಹಾಳೆಯನ್ನು ಮತ್ತೊಮ್ಮೆ ಮುದ್ರಿಸಬಹುದು. ಫಾಂಟ್ ಮರೆಯಾದ ಮೇಲೆ ಹಿರಿಯರು ಬರೆದಿಟ್ಟ ಪತ್ರ, ಲೆಕ್ಕ, ವಂಶಾವಳಿಗಳನ್ನು ಮತ್ತೆ ಓದಿಕೊಳ್ಳುವುದು ಅಷ್ಟು ಸುಲಭವಲ್ಲ.